ಕುಂಟುವ ಹಸು, ಕುಂಟುವ ಕುರಿ: ನೀವು ಏನು ಮಾಡಿದಿರಿ?

ಕೇಳಿದವರು:
ನನ್ನ ಬಳಿ ಎಂಟು ಹಸುಗಳೂ ನಲವತ್ತು ಕುರಿಗಳೂ ಇವೆ. ಮಳೆ ಹಿಡಿದು ಮೂರು ವಾರವಾಯಿತು. ಎರಡೂವರೆ ತಿಂಗಳ ಹಿಂದೆ ಕರು ಹಾಕಿದ ಹಸು ಬಲ ಹಿಂಗಾಲನ್ನು ಊರಲು ಅಳುಕುತ್ತಿದೆ. ಸೊಂಟ ಉಳುಕಿದೆ ಎಂದು ಒಬ್ಬರು ಎಣ್ಣೆ ತಿಕ್ಕಿಸಿದರು. ಹತ್ತು ದಿನವಾದರೂ ಗುಣವಿಲ್ಲ. ಕುರಿಗಳಲ್ಲಿ ಒಂಬತ್ತು ಕುಂಟುತ್ತಿವೆ, ಅವುಗಳಲ್ಲಿ ಎರಡು ಮೊಣಕಾಲೂರಿಕೊಂಡೇ ಮೇಯುತ್ತವೆ. ಎಲ್ಲದರ ಗೊರಸನ್ನೂ ಕತ್ತರಿಸಿ ಮೈಲುತುತ್ತದ ನೀರಿನಲ್ಲಿ ನಡೆಸಿಬಿಡು ಎಂಬುದು ಇನ್ನೊಬ್ಬರ ಸಲಹೆ. ಕತ್ತರಿ ಹಿಡಿಯುವ ಮೊದಲು ಪಳಗಿದವರನ್ನು ಕೇಳೋಣ ಎನ್ನಿಸಿತು.

ಇಪ್ಪತ್ತೆರಡು ವರ್ಷಗಳಿಂದ ಹಸು ಸಾಕುತ್ತಿರುವವರು:
ಸೊಂಟದ ಗೊಡವೆ ಬಿಟ್ಟು ಗೊರಸನ್ನು ಎತ್ತಿ ನೋಡಿ. ಹಸು ಕುಂಟಿತೆಂದರೆ ಹತ್ತರಲ್ಲಿ ಒಂಬತ್ತು ಸಲ ನೋವಿರುವುದು ಪಾದದಲ್ಲಿ, ಅದರಲ್ಲೂ ಹೆಚ್ಚಾಗಿ ಹಿಂಗಾಲಿನ ಹೊರಗಡೆಯ ಗೊರಸಿನಲ್ಲಿ. ನಾನೂ ಒಂದು ಕಾಲದಲ್ಲಿ ತೊಡೆಗೆ ಎಣ್ಣೆ ತಿಕ್ಕಿದವನೇ. ಗೊರಸಿನ ಸೀಳಿನಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದು ತಿಳಿದದ್ದು ಐದನೆಯ ದಿನ. ಅಷ್ಟರಲ್ಲಿ ತೊಡೆ ಮಾತ್ರ ಮಿರಮಿರನೆ ಮಿಂಚುತ್ತಿತ್ತು.

ಕರು ಹಾಕಿ ಎರಡೂವರೆ ತಿಂಗಳು ಎಂದಿರಲ್ಲ, ನನಗೆ ಅದೇ ಸುಳಿವು. ಕರು ಹಾಕುವ ಹೊತ್ತಿಗೆ ಗೊರಸಿನೊಳಗಿನ ಮೂಳೆಯನ್ನು ಹಿಡಿದಿಡುವ ಕಟ್ಟುಗಳು ಸಡಿಲವಾಗುತ್ತವೆ. ಮೂಳೆ ತುಸು ಕೆಳಗಿಳಿದು, ಗೊರಸನ್ನು ಬೆಳೆಸುವ ಜೀವಪದರವನ್ನು ಒತ್ತುತ್ತದೆ. ಹಸು ಸೊರಗಿದ್ದರೆ ಹಿಮ್ಮಡಿಯೊಳಗಿನ ಕೊಬ್ಬಿನ ಮೆತ್ತೆಯೂ ತೆಳುವಾಗಿರುತ್ತದೆ, ಒತ್ತಡ ಇನ್ನೂ ಹೆಚ್ಚುತ್ತದೆ. ಗೊರಸು ತಿಂಗಳಿಗೆ ಬೆಳೆಯುವುದು ಸುಮಾರು 5 ಮಿಲಿಮೀಟರ್ ಅಷ್ಟೇ. ಹಾಗಾಗಿ ಅಂದು ಆದ ಗಾಯ ತಳಕ್ಕೆ ಬಂದು ಕಾಣುವುದಕ್ಕೆ ಎರಡು ತಿಂಗಳಾದರೂ ಬೇಕು. ನಿನ್ನೆ ಏನು ಮಾಡಿದೆ ಎಂದು ತಲೆ ಕೆಡಿಸಿಕೊಳ್ಳುವ ಬದಲು ಕರು ಹಾಕಿದ ವಾರವನ್ನು ನೆನಪಿಸಿಕೊಳ್ಳಿ. ತಳದಲ್ಲಿ, ನಡುವಿನಿಂದ ಸ್ವಲ್ಪ ಹಿಮ್ಮಡಿಯ ಕಡೆಗೆ, ಕೆಂಪು ಕಲೆಯೋ ಗುಳಿಯೋ ಕಂಡರೆ ಅದು ಅಂಗಾಲಿನ ಹುಣ್ಣು.

ಹುಣ್ಣಾಗಿದ್ದರೆ ಆ ಗೊರಸಿನ ಮೇಲಿನ ಭಾರ ಇಳಿಯಬೇಕು. ಪಕ್ಕದ ಗಟ್ಟಿ ಗೊರಸಿನ ತಳಕ್ಕೆ ಮರದ ತುಂಡನ್ನು ಅಂಟಿಸಿದರೆ ನೋವಿನ ಗೊರಸು ನೆಲ ಬಿಟ್ಟು ಮೇಲೇಳುತ್ತದೆ. ಹುಣ್ಣಿನ ಸುತ್ತ ಸಡಿಲಗೊಂಡ ಗೊರಸನ್ನು ಇಳಿಜಾರಾಗಿ ಹೆರೆಯಬೇಕು. ಜೊತೆಗೆ ವೈದ್ಯರು ಬರೆದುಕೊಟ್ಟ, ನೋವೂ ಉರಿಯೂತವೂ ಇಳಿಯುವ ಮದ್ದು. ಮೂರೂ ಸೇರಿದರೆ ಗುಣವಾಗುವ ಹಸುಗಳು ಹೆಚ್ಚು. ಬರೀ ಹೆರೆದು ಬಿಟ್ಟ ನನ್ನ ಎರಡು ಹಸುಗಳು ತಿಂಗಳುಗಟ್ಟಲೆ ಎಳೆದಾಡಿದವು. ರಕ್ತ ಬರುವಷ್ಟು ಕೆತ್ತಬೇಡಿ, ಮೈಲುತುತ್ತದ ಪುಡಿ ತುಂಬಿ ಬಿಗಿಯಬೇಡಿ, ಕಾಯಿಸಿದ ಕಬ್ಬಿಣವನ್ನಂತೂ ಹತ್ತಿರ ತರಲೇಬೇಡಿ. ಹೊಸ ಗೊರಸು ಬೆಳೆಯಬೇಕಾದ ಪದರವನ್ನೇ ಸುಟ್ಟರೆ ಬೆಳೆಯುವುದು ಎಲ್ಲಿಂದ?

ಮುಂದೆ ಬಾರದಂತೆ ಏನು ಮಾಡಬೇಕೆಂದರೆ, ಮಲಗಿಸಿ. ಹಸು ದಿನಕ್ಕೆ ಸುಮಾರು 12 ಗಂಟೆ ಮಲಗಬೇಕು. ಗಟ್ಟಿ ಒದ್ದೆ ನೆಲದ ಮೇಲೆ ಅದು ಮಲಗದೆ ನಿಂತೇ ಇರುತ್ತದೆ. ನನ್ನ ಕೊಟ್ಟಿಗೆಯಲ್ಲಿ ಎಲ್ಲ ಔಷಧಿಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಒಣ, ಮೆತ್ತನೆಯ ಹಾಸು. ಹಾಲು ಬತ್ತಿಸುವಾಗ ಒಮ್ಮೆ, ಕರು ಹಾಕಿ ಎರಡು ಮೂರು ತಿಂಗಳಿಗೆ ಮತ್ತೊಮ್ಮೆ ಗೊರಸು ನೋಡಿಸುತ್ತೇನೆ. ಹೆರೆಯುವವರ ಕೈ ಬಿರುಸಾಗಿದ್ದರೆ ಪಕ್ಕದಲ್ಲೇ ನಿಲ್ಲಿ: ತಳ ಕನಿಷ್ಠ 5 ಮಿಲಿಮೀಟರ್ ದಪ್ಪ ಉಳಿಯಬೇಕು. ಬೆರಳಿನಿಂದ ಒತ್ತಿದಾಗ ಬಗ್ಗಿತೆಂದರೆ ಆಗಲೇ ಮಿತಿಮೀರಿದೆ.

ಇನ್ನೊಬ್ಬ ಹಸು ಸಾಕುವವರು:
ಒಂದೇ ಮಾತು. ಹಸು ಕಾಲೆಳೆಯುವ ಮೊದಲೇ ಬೆನ್ನು ಹೇಳುತ್ತದೆ. ನಡೆಯುವಾಗ ಬೆನ್ನು ಬಿಲ್ಲಿನಂತೆ ಬಾಗಿದರೆ ಅಂದೇ ಪಾದ ಎತ್ತಿ ನೋಡುತ್ತೇನೆ. ಮುಂಗಾಲಿನ ನೋವಾದರೆ ಆ ಕಾಲು ಊರಿದಾಗ ತಲೆ ಮೇಲಕ್ಕೆ ಹೋಗುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ಮುಂದಿನ ವಾರ ನೋಡೋಣ ಎಂದುಕೊಂಡಾಗಲೆಲ್ಲ ನಾನು ನಷ್ಟ ಅನುಭವಿಸಿದ್ದೇನೆ.

ಕುರಿ ಸಾಕುವವರು:
ಕತ್ತರಿಯನ್ನು ದಯವಿಟ್ಟು ಕೆಳಗಿಡಿ. ಹಸುವಿನ ಮಾತು ಬೇರೆ, ಕುರಿಯ ಮಾತು ಬೇರೆ. ನಾನು ಒಂದು ಮಳೆಗಾಲದಲ್ಲಿ ಅರವತ್ತು ಕುರಿಗಳ ಗೊರಸನ್ನು ಒಂದೇ ಕತ್ತರಿಯಿಂದ ಒಂದೇ ದಿನ ಕತ್ತರಿಸಿದೆ. ಅಂಗಳ ಚೊಕ್ಕಟವಾಗಿ ಕಂಡಿತು, ಎರಡು ವಾರಗಳಲ್ಲಿ ಕುಂಟುವ ಕುರಿಗಳು ಇಮ್ಮಡಿಯಾದವು. ರೋಗವನ್ನು ಕಾಲಿನಿಂದ ಕಾಲಿಗೆ ಹೊತ್ತು ಹಂಚಿದವಳು ನಾನೇ. ಕೊಳೆರೋಗ ತಗುಲಿದ ಗೊರಸನ್ನು ಕತ್ತರಿಸಿದರೆ ವಾಸಿಯಾಗುವುದು ತಡವಾಗುತ್ತದೆ. ಆಳವಾಗಿ ಹೋದರೆ ತುದಿಯಲ್ಲಿ ಕೆಂಪು ಮಾಂಸದ ಗಂಟು ಬೆಳೆದು ಆ ಕುರಿ ಶಾಶ್ವತವಾಗಿ ಕುಂಟುತ್ತದೆ. ನನ್ನಲ್ಲಿ ಅಂಥವು ಮೂರು ಉಳಿದವು.

ಈಗ ನನ್ನ ಮೂಗೇ ನನಗೆ ಅರ್ಧ ವೈದ್ಯ. ಸೀಳಿನ ಚರ್ಮ ಬೆಂದಂತೆ ಕೆಂಪಾಗಿ ಬಿಳಿಯ ಲೋಳೆ ಇದ್ದು, ವಾಸನೆ ಇಲ್ಲದಿದ್ದರೆ ಅದು ಆರಂಭ. ಗೊರಸು ತಳದಿಂದ ಬಿಟ್ಟುಕೊಂಡು, ಬೂದು ಬಣ್ಣದ ಕೊಳೆ ಬಂದು, ಕೈ ತೊಳೆದರೂ ಹೋಗದ ನಾತ ಹೊಡೆದರೆ ಕೊಳೆರೋಗ. ಅಂಥ ಕುರಿಯನ್ನು ಕುಂಟಿದ ಮೂರು ದಿನಗಳೊಳಗೆ ಹಿಡಿದು, ವೈದ್ಯರು ಹೇಳಿದ ಆಂಟಿಬಯೋಟಿಕ್ ಚುಚ್ಚುಮದ್ದು ಕೊಟ್ಟು, ಪಾದಕ್ಕೆ ಸ್ಪ್ರೇ ಹೊಡೆದು, ಗುರುತು ಹಾಕಿ ಬೇರೆ ಕಟ್ಟುತ್ತೇನೆ. ಗುಣವಾದ ಮೇಲೂ ಗೊರಸು ಡೊಂಕಾಗಿಯೇ ಇದ್ದರೆ ಆಗ ಕತ್ತರಿ.

ಪಾದ ತೊಳೆಯಲು ಮೈಲುತುತ್ತ ಬೇಡ. ಕುರಿಗೆ ತಾಮ್ರ ಬಹುಬೇಗ ವಿಷವಾಗುತ್ತದೆ, ಬಾಯಾರಿದ ಕುರಿ ಆ ನೀರಿಗೆ ಬಾಯಿ ಹಾಕಿದರೆ ಕಥೆ ಮುಗಿಯಿತು. ನೂರು ಲೀಟರ್ ನೀರಿಗೆ ಹತ್ತು ಕಿಲೋ ಜಿಂಕ್ ಸಲ್ಫೇಟ್ ಹಾಕುತ್ತೇನೆ. ಮೊದಲು ಕೆಸರು ತೊಳೆಯಬೇಕು, ಆಮೇಲೆ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಪಾದ ಒಣಗಿಸಬೇಕು. ಹೊರಬಂದ ಕೂಡಲೇ ರಾಡಿಗೆ ಬಿಟ್ಟರೆ ನೀರು, ಪುಡಿ, ಬೆವರು ಎಲ್ಲವೂ ದಂಡ.

ಹೊಸದಾಗಿ ತಂದ ಕುರಿಯನ್ನು ನಾಲ್ಕು ವಾರ ಹಿಂಡಿಗೆ ಸೇರಿಸುವುದಿಲ್ಲ. ಎರಡು ಸಲ ಮದ್ದು ಕೊಟ್ಟರೂ ಮತ್ತೆ ಕುಂಟುವ ಕುರಿಯನ್ನು ಇಟ್ಟುಕೊಳ್ಳುವುದೂ ಇಲ್ಲ. ಹೀಗೆ ಬೀಳ್ಕೊಟ್ಟವುಗಳಲ್ಲಿ ನನ್ನ ಕೈಯಿಂದಲೇ ತಿನ್ನುತ್ತಿದ್ದ ಒಂದು ಮುದ್ದಿನ ಕುರಿಯೂ ಇತ್ತು.

ಪಶುವೈದ್ಯರು:
ಮೇಲಿನ ಮಾತುಗಳಿಗೆ ತಕರಾರಿಲ್ಲ, ಸೇರಿಸಬೇಕಾದದ್ದು ಇದೆ. ಹಲವು ಪ್ರಾಣಿಗಳು ಒಮ್ಮೆಲೇ ಕುಂಟುತ್ತಾ ಜ್ವರ ಬಂದರೆ, ಹಸುಗಳು ಜೊಲ್ಲು ಸುರಿಸಿದರೆ, ಬಾಯಿಯಲ್ಲಿ ಅಥವಾ ಗೊರಸಿನ ಮೇಲಂಚಿನಲ್ಲಿ ಗುಳ್ಳೆ ಕಂಡರೆ ಕಾಲುಬಾಯಿ ಜ್ವರವೆಂದು ಶಂಕಿಸಿ ತಕ್ಷಣ ತಿಳಿಸಿ. ಒಂದು ಪ್ರಾಣಿಯನ್ನೂ ಹೊರಗೆ ಕಳುಹಿಸಬೇಡಿ. ಕುರಿಯಲ್ಲಿ ಬಾಯಿಯ ಗುರುತು ಸೌಮ್ಯವಾಗಿದ್ದು, ಕುಂಟುವುದಷ್ಟೇ ಕಣ್ಣಿಗೆ ಬೀಳಬಹುದು. ಮೈ ತುಂಬಿಕೊಂಡ ಎಳೆಯ ದನ ಹಠಾತ್ತನೆ ಕುಂಟಿ, ತೊಡೆಯೋ ಭುಜವೋ ಊದಿ, ಒತ್ತಿದರೆ ಚರಚರ ಎಂದರೆ ಅದು ಚಪ್ಪೆ ರೋಗ. ಅಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳದ್ದೇ ಲೆಕ್ಕ. ಅದನ್ನು ತಡೆಯುವ ದಾರಿ ಲಸಿಕೆ.

ಹಸುವಿನ ಎರಡು ಗೊರಸುಗಳ ಮೇಲೂ ಪಾದ ಸಮನಾಗಿ ಊದಿ, ಸೀಳು ಬಿರಿದು ನಾರುತ್ತಿದ್ದರೆ ಆಂಟಿಬಯೋಟಿಕ್ ಬೇಕು. ಅಂಗಾಲಿನ ಹುಣ್ಣಿಗೆ, ಸೋಂಕು ಒಳಗಿಳಿಯದ ಹೊರತು, ಅದು ಏನೂ ಮಾಡದು. ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂದು ಕೇಳದೆ ಹೊರಡಬೇಡಿ.

ಕೇಳಿದವರು, ಹನ್ನೆರಡು ದಿನಗಳ ಮೇಲೆ:
ಹಸುವಿನ ಹೊರಗೊರಸಿನಲ್ಲಿ ಹೇಳಿದ ಜಾಗದಲ್ಲೇ ಹುಣ್ಣಿತ್ತು. ಮರದ ತುಂಡು ಅಂಟಿಸಿದ ಮೂರನೆಯ ದಿನ ತಾನಾಗಿಯೇ ಎದ್ದು ಮೇವಿನ ಬಳಿಗೆ ಬಂತು. ತುಂಡು ಇನ್ನೂ ಗಟ್ಟಿಯಾಗಿದೆ. ಕುರಿಗಳಲ್ಲಿ ಐದಕ್ಕೆ ಕೊಳೆರೋಗ, ಮೂರಕ್ಕೆ ಬರೀ ಸೀಳು ಬೆಂದಿತ್ತು. ಮೊಣಕಾಲೂರುತ್ತಿದ್ದ ಎರಡರಲ್ಲಿ ಒಂದಕ್ಕೆ ಯಾವ ರೋಗವೂ ಇರಲಿಲ್ಲ, ಮುಂಗಾಲಿನ ಸೀಳಿನಲ್ಲಿ ಮುಳ್ಳಿತ್ತು. ಕತ್ತರಿ ಇನ್ನೂ ಗೂಟದಲ್ಲೇ ನೇತಾಡುತ್ತಿದೆ.