ವಿದೇಶಿ ಸಾಲದ ಯೋಜನೆ: ಸಮೀಕ್ಷೆಯಲ್ಲಿ ಬಾಡಿಗೆ ಅಂಗಡಿಗಳ ಹೆಸರೇ ಇಲ್ಲ, ಏನು ಮಾಡಬೇಕು?

ಅಂಗಡಿಬೀದಿ: ನಮ್ಮ ರಸ್ತೆಯ ಒಂದು ಬದಿ ವಿದೇಶಿ ಬ್ಯಾಂಕಿನ ಸಾಲದ ಯೋಜನೆಗೆ ಹೋಗ್ತಿದೆ. ಕಟ್ಟಡ ಮಾಲೀಕರಿಗೆ ನೋಟಿಸ್ ಬಂದಿದೆ. ಬಾಡಿಗೆ ಅಂಗಡಿಯವರು, ಫುಟ್‌ಪಾತ್ ವ್ಯಾಪಾರಿಗಳ ಹೆಸರು ಸಮೀಕ್ಷೆ ಪಟ್ಟಿಯಲ್ಲಿಲ್ಲ. ಇನ್ನೂ ಒಡೆದಿಲ್ಲ. ಒಡೆಯೋ ಮುಂಚೆ ಏನೇನು ಮಾಡಬಹುದು?

ಕಡತಪ್ರಿಯ: ಮೊದಲು ಸಾಲ ಯಾರದು ನೋಡಿ. ಬೆಂಗಳೂರಲ್ಲಿ ಒಂದೇ ಬ್ಯಾಂಕ್ ಅಂತಿಲ್ಲ: ಮೆಟ್ರೋ ನಾಗವಾರ ಮಾರ್ಗಕ್ಕೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮತ್ತು ಎಐಐಬಿ (ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್), ವಿಮಾನ ನಿಲ್ದಾಣ ಮಾರ್ಗಕ್ಕೆ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್). ಬ್ಯಾಂಕ್ ಬದಲಾದರೆ ನಿಯಮ, ದೂರಿನ ಗಡುವು ಎರಡೂ ಬದಲಾಗುತ್ತವೆ.

ಎಡಿಬಿ ಆದರೆ, 2026ಕ್ಕೆ ಮೊದಲು ಮಂಜೂರಾದ ಸಾಲಕ್ಕೆ 2009ರ ಸುರಕ್ಷತಾ ನೀತಿ ಅನ್ವಯ. ಅದರಲ್ಲಿ ಹಕ್ಕುಪತ್ರ ಇಲ್ಲದವರಿಗೂ ಜಾಗದ ಬೆಲೆ ಬಿಟ್ಟು ಉಳಿದ ಆಸ್ತಿಗೆ ಪರಿಹಾರ, ಪುನರ್ವಸತಿ ನೆರವು ಉಂಟು. ಷರತ್ತು ಒಂದೇ: ಕಟ್-ಆಫ್ ದಿನಾಂಕಕ್ಕೆ, ಅಂದರೆ ಪರಿಹಾರಕ್ಕೆ ಯಾರು ಅರ್ಹರು ಅಂತ ಲೆಕ್ಕ ಹಾಕಲು ಗೊತ್ತುಮಾಡಿದ ದಿನಕ್ಕೆ, ಮೊದಲು ಅಲ್ಲಿದ್ದಿರಬೇಕು. ಎಡವೋದು ಇಲ್ಲೇ. ಸಮೀಕ್ಷೆಯವರು ಖಾತಾ ಹಿಡಿದು ಮಾಲೀಕರನ್ನು ಬರ್ಕೊಂಡು ಹೋಗ್ತಾರೆ. ಆಮೇಲೆ ನೀವು ಹೋದರೆ "ಕಟ್-ಆಫ್ ಮುಗೀತು" ಅಂತಾರೆ. ಹಾಗಾಗಿ ಆ ದಿನಾಂಕಕ್ಕಿಂತ ಹಳೆಯ ಬೆಸ್ಕಾಂ ಬಿಲ್, ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ಕಾಗದ ಈಗಲೇ ಒಟ್ಟು ಮಾಡಿ. ಬೀದಿ ವ್ಯಾಪಾರಿಗಳಾದರೆ ಪಾಲಿಕೆಯ ಗುರುತಿನ ಚೀಟಿ. ಪಟ್ಟಿಗೆ ಸೇರಿಸಿ ಅಂತ ಬಾಯಲ್ಲಿ ಕೇಳಬೇಡಿ; ಎರಡು ಪ್ರತಿ ಬರೆದು, ಒಂದಕ್ಕೆ ಇನ್‌ವರ್ಡ್ ಸೀಲು ಹಾಕಿಸಿಕೊಳ್ಳಿ.

ಇನ್ನೊಂದು ಸಂಗತಿ. ಆ ನೀತಿಯಲ್ಲಿ 200 ಅಥವಾ ಹೆಚ್ಚು ಜನ ಮನೆ ಬಿಡಬೇಕಾದರೆ, ಇಲ್ಲವೇ ಆದಾಯ ತರುವ ಆಸ್ತಿಯ ಶೇ 10ರಷ್ಟೋ ಹೆಚ್ಚೋ ಕಳೆದುಕೊಂಡರೆ, ಯೋಜನೆ 'ಎ' (ಪರಿಣಾಮ ಹೆಚ್ಚಿರುವ) ವರ್ಗಕ್ಕೆ ಹೋಗುತ್ತೆ. ಆಗ ಉಸ್ತುವಾರಿ ವರದಿಯನ್ನು ಹೊರಗಿನ ಪರಿಣತರು ಪರಿಶೀಲಿಸಬೇಕು. ಬಾಡಿಗೆಯವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಂಖ್ಯೆ 200ರ ಕೆಳಗೆ ಉಳಿಯುತ್ತೆ. ಬೇಕಂತಲೇ ಮಾಡ್ತಾರೋ ಇಲ್ವೋ, ಫಲ ಒಂದೇ.

ಸರ್ವೇನಂಬರ್: ಮೇಲಿನದಕ್ಕೆ ಸೇರಿಸ್ತೀನಿ. ಭೂಸ್ವಾಧೀನ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಡಿ ಆಗ್ತಿದ್ದರೆ ಕಲಂ 28(2) ಓದಿ. ಮಾಲೀಕರಿಗಷ್ಟೇ ಅಲ್ಲ, ಜಾಗವನ್ನು ಬಳಸುತ್ತಿರುವವರಿಗೂ ನೋಟಿಸ್ ಕೊಡಬೇಕು, ಆಕ್ಷೇಪಣೆಗೆ 30 ದಿನ. ನೋಟಿಸ್ ಬಂದಿಲ್ಲ ಅನ್ನೋದನ್ನೇ ಆಕ್ಷೇಪಣೆಯ ಮೊದಲ ಅಂಶ ಮಾಡಿ.

ಜತೆಗೆ ಪುನರ್ವಸತಿ ಯೋಜನೆ, ಕಟ್-ಆಫ್ ಘೋಷಿಸಿದ ಆದೇಶ, ಬಾಧಿತರ ಪಟ್ಟಿಗೆ ಆರ್‌ಟಿಐ ಹಾಕಿ. ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಎಲ್ಲ ಒಂದರಲ್ಲಿ ತುರುಕಿದರೆ ವಾಪಸ್ ಬರುತ್ತೆ. ಮೂರು ಅರ್ಜಿ, ತಲಾ 10 ರೂಪಾಯಿ.

ಕಟ್ಟಡ ನಿಮ್ಮದಾದರೆ ಮೌಲ್ಯಮಾಪನದ ಹಾಳೆ ನೋಡಿ. ಎಡಿಬಿ ನೀತಿಯಲ್ಲಿ ಸವಕಳಿ (ಕಟ್ಟಡ ಹಳೆಯದು ಅಂತ ಬೆಲೆ ಇಳಿಸೋದು) ಕಳೆಯುವಂತಿಲ್ಲ, ದುಡ್ಡು ಕೈಗೆ ಬಂದ ಮೇಲೇ ತೆರವು.

ಅಂಗಡಿಬೀದಿ: ಇಲ್ಲಿ ಯಾರೂ ಕೇಳದಿದ್ದರೆ ಬ್ಯಾಂಕಿಗೇ ಬರೆದರೆ ಪ್ರಯೋಜನ ಇದೆಯಾ?

ಕಡತಪ್ರಿಯ: ಇದೆ, ಆದರೆ ಪವಾಡ ಅಲ್ಲ. ಮುಂಬೈ ನಗರ ಸಾರಿಗೆ ಯೋಜನೆಯಲ್ಲಿ ಅಂಗಡಿಕಾರರು 2004ರಲ್ಲಿ ಬಾಧಿತರ ದೂರು ಕೇಳುವ ವಿಶ್ವಬ್ಯಾಂಕಿನ ತಪಾಸಣಾ ಸಮಿತಿಗೆ ಹೋದರು. ಅಂಗಡಿ ಎಷ್ಟೇ ದೊಡ್ಡದಿದ್ದರೂ ಕೊಡುವುದು 225 ಚದರಡಿ ಅನ್ನೋದು ಅವರ ತಕರಾರುಗಳಲ್ಲೊಂದು. 2006ರಲ್ಲಿ ಬ್ಯಾಂಕ್ ರಸ್ತೆ ಮತ್ತು ಪುನರ್ವಸತಿ ಭಾಗದ ಹಣ ಕೆಲವು ತಿಂಗಳು ತಡೆಹಿಡಿಯಿತು. ಆದರೆ ದೂರು ಕೊಟ್ಟು ಎರಡು ವರ್ಷ ಆಗಿತ್ತು ನೋಡಿ.

ಎಡಿಬಿಗಾದರೆ ದೂರಿಗೆ ಕನಿಷ್ಠ ಇಬ್ಬರು ಬಾಧಿತರು ಸಹಿ ಹಾಕಬೇಕು, ಮೊದಲು ಅದರ ಯೋಜನಾ ವಿಭಾಗಕ್ಕೇ ಬರೆದು ಪ್ರಯತ್ನಿಸಿರಬೇಕು. ಸಾಲದ ಮುಕ್ತಾಯ ದಿನಾಂಕದಿಂದ (ಹಣ ಬಿಡುಗಡೆ ಮುಗಿಯೋ ದಿನ, ಸಾಲ ತೀರಿಸೋ ದಿನ ಅಲ್ಲ) ಎರಡು ವರ್ಷದವರೆಗೆ ಅವಕಾಶ. ಹೆಸರು ಗುಪ್ತವಾಗಿಡಿ ಅಂತ ಕೇಳಬಹುದು, ಅನಾಮಧೇಯ ದೂರು ಮಾತ್ರ ನಡೆಯಲ್ಲ. ಅಲ್ಲಿ ಎರಡು ದಾರಿ: ಸಂಧಾನ, ಇಲ್ಲವೇ ನೀತಿ ಪಾಲನೆಯ ತನಿಖೆ. ನಿಮಗೆ ಬೇಕಿರೋದು ಪಟ್ಟಿಯಲ್ಲಿ ಹೆಸರು ಮತ್ತು ದುಡ್ಡು, ಸಂಧಾನ ಕೇಳಿ. ತನಿಖೆ ಮಾಡೋರು ತಾವೇ ಪರಿಹಾರ ಕೊಡಲ್ಲ.

ಸರ್ವೇನಂಬರ್: ಯುರೋಪಿಯನ್ ಬ್ಯಾಂಕಿನ ಸಾಲ ಅಂತಾದರೆ ಗಡುವು ಬೇರೆ: ವಿಷಯ ಗೊತ್ತಾದ ಒಂದು ವರ್ಷದೊಳಗೆ ದೂರು ಕೊಡಬೇಕು. ಎಡಿಬಿ ಲೆಕ್ಕದಲ್ಲಿ ಕಾಯುತ್ತಾ ಕೂರಬೇಡಿ.