ಪತ್ರಾಸ್ ಶೆಡ್ಡನ್ನು ಖೋಲಿ ಮಾಡಬೇಕಾ? ಮೊದಲು ಕಂಬದ ಬುಡ ನೋಡಿ

ಪ್ರಶ್ನೆ (ಅಣ್ಣಿಗೇರಿಯಿಂದ):
ನಮಸ್ಕಾರ ಸರ್. ಹಿತ್ತಲಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು, ಮೆಣಸಿನಕಾಯಿ ಚೀಲ ಇಡಲು ಹಾಕಿಸಿದ ಪತ್ರಾಸ್ (ತಗಡಿನ) ಶೆಡ್ಡು ಇದೆ. 12 ಅಡಿ ಅಗಲ, 20 ಅಡಿ ಉದ್ದ. 2 ಇಂಚಿನ ಚೌಕ ಪೈಪಿನ ಆರು ಕಂಬ, ಎತ್ತರ 10 ಅಡಿ, ಪೈಪಿನ ದಪ್ಪ 2 ಎಂಎಂ. ಒಂದಡಿ ಗುಂಡಿ ತೋಡಿ ಕಾಂಕ್ರೀಟ್ ಸುರಿದು ನಿಲ್ಲಿಸಿದ್ದಾರೆ. ಅಡ್ಡಪಟ್ಟಿ ಒಂದೂ ಇಲ್ಲ, ಜೋರು ಗಾಳಿ ಬಂದರೆ ಇಡೀ ಶೆಡ್ಡು ಅಲ್ಲಾಡುತ್ತದೆ. ಈಗ ತಮ್ಮನ ಮದುವೆ ಆಗಿದೆ, ಇದನ್ನೇ ಎರಡು ಖೋಲಿ (ಕೋಣೆ) ಮಾಡಬೇಕು. ಸುತ್ತ 4 ಇಂಚಿನ ಇಟ್ಟಂಗಿ ಗೋಡೆ ಕಟ್ಟಿದರೆ ಪೈಪು ಒಳಗೆ ಸೇರಿ ತಾನೇ ಗಟ್ಟಿ ಆಗುತ್ತದೆ ಅಂತ ಗೌಂಡಿ ಹೇಳುತ್ತಾರೆ. ಹೌದಾ?

ಉತ್ತರ (ಸ್ಟ್ರಕ್ಚರಲ್ ಇಂಜಿನಿಯರ್, ಹುಬ್ಬಳ್ಳಿ):
ಇಲ್ಲ ರೀ, ಉಲ್ಟಾ ಆಗುತ್ತದೆ. ಗೋಡೆ ಇಲ್ಲದಾಗ ಗಾಳಿ ಹಾದು ಹೋಗುತ್ತಿತ್ತು, ಗೋಡೆ ಬಂದ ಮೇಲೆ ಅದೇ ಗಾಳಿ ಗೋಡೆಗೆ ಬಡಿದು ಆ ತೆಳ್ಳನೆಯ ಕಂಬಗಳನ್ನೇ ದೂಡುತ್ತದೆ. ಅಲ್ಲಾಡುವ ಕಂಬಕ್ಕೆ ಅಂಟಿಸಿ ಕಟ್ಟಿದ 4 ಇಂಚಿನ ಗೋಡೆ ಮೊದಲ ಮಳೆಗಾಲದಲ್ಲೇ ಬಿರುಕು ಬಿಡುತ್ತದೆ.

ಬುಡದ ಲೆಕ್ಕ ನೋಡಿ. ಗಂಟೆಗೆ 120 ಕಿ.ಮೀ. ಗಾಳಿಯ ಒತ್ತಡ ಒಂದು ಚದರಡಿಗೆ 6 ಕಿಲೋ ಚಿಲ್ಲರೆ. ಹೆಚ್ಚುಕಡಿಮೆ ಅಷ್ಟೇ ಬಲದಿಂದ ಅದು ಪತ್ರಾಸನ್ನು ಮೇಲಕ್ಕೆ ಎಳೆಯುತ್ತದೆ. ನಿಮ್ಮ ನಡುಗಂಬದ ಪಾಲಿಗೆ 60 ಚದರಡಿ ಚಾವಣಿ ಬರುತ್ತದೆ, ಅಂದರೆ 370 ಕಿಲೋ ಎಳೆತ. ಒಂದು ಘನ ಅಡಿ ಕಾಂಕ್ರೀಟ್ ತೂಗುವುದು 68 ಕಿಲೋ ಅಷ್ಟೇ. ಪತ್ರಾಸು, ಪೈಪು ಎಲ್ಲ ಸೇರಿದರೂ ಹಗುರ. ಏಪ್ರಿಲ್, ಮೇ ಗಾಳಿಮಳೆಯಲ್ಲಿ ಶೆಡ್ಡು ಕಂಬದ ಸಮೇತ ಕಿತ್ತು ಹೋಗುವುದು ಇದಕ್ಕೇ. 2 ಅಡಿ ಉದ್ದ, ಅಗಲ, ಆಳದ ಕಾಂಕ್ರೀಟ್ ಆದರೆ 540 ಕಿಲೋ ಆಗುತ್ತದೆ. ಅದು ತೂಕದ ಮಾತು ಮಾತ್ರ, ಆಳವನ್ನು ಮಣ್ಣು ಹೇಳಬೇಕು. ನಿಮ್ಮದು ಎರೆ (ಕಪ್ಪು) ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಸೀಳುತ್ತದೆ. 4–5 ಅಡಿಗೆ ಗರಸು (ಕೆಳಗಿನ ಗಟ್ಟಿ ಜಲ್ಲಿಮಣ್ಣು) ಸಿಕ್ಕರೆ ಗರಸಿನ ಮೇಲೇ ಕೂರಿಸಿ. ಎರೆ ಇನ್ನೂ ಆಳ ಇದ್ದರೆ ಬುಡ ಅಗಲ ಮಾಡಿದ ಅಂಡರ್‌ರೀಮ್ ಪೈಲ್ (ನೆಲದೊಳಗೆ ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಬೇಕು, ಅದಕ್ಕೆ ಕನಿಷ್ಠ ಮೂರೂವರೆ ಮೀಟರ್ ಆಳ ಅಂತ ಭಾರತೀಯ ಮಾನದಂಡ ಐಎಸ್ 2911 ಹೇಳುತ್ತದೆ. ಒಂದು ಸಲಕ್ಕೆ ಒಂದೇ ಕಂಬ ಬಿಚ್ಚಿ, ಚಾವಣಿಗೆ ಜಾಕ್ ಕೊಟ್ಟು ಕೆಲಸ ಮಾಡಿ. ಬುಡವನ್ನು ಸುತ್ತಿಗೆಯಿಂದ ಬಡಿದು ನೋಡಿ, ತುಕ್ಕು ತಿಂದಿದ್ದರೆ ಅಷ್ಟು ಕತ್ತರಿಸಿ ಹೊಸ ತುಂಡು ಸೇರಿಸಿ. ಬೇಸ್ ಪ್ಲೇಟ್ (ಕಂಬದ ಬುಡದ ಉಕ್ಕಿನ ಹಲಗೆ), ಅದನ್ನು ಕಾಂಕ್ರೀಟಿಗೆ ಹಿಡಿಯುವ ಆಂಕರ್ ಬೋಲ್ಟ್ ನೆಲದಿಂದ ಮೇಲೇ ಇರಲಿ.

ಇನ್ನು ಬ್ರೇಸಿಂಗ್, ಅಂದರೆ ಚೌಕಟ್ಟು ಅಲ್ಲಾಡದಂತೆ ಓರೆಯಾಗಿ ಹಾಕುವ ಪಟ್ಟಿ. ಉಕ್ಕಿನ ಕಂಬ ಎಷ್ಟು ತೆಳ್ಳಗೆ, ಉದ್ದ ಇರಬಹುದು ಅನ್ನುವುದಕ್ಕೆ ಉಕ್ಕಿನ ಕೆಲಸದ ಮಾನದಂಡ ಐಎಸ್ 800ರಲ್ಲಿ 180 ಅನ್ನುವ ಮಿತಿ ಇದೆ, ಇದು ಕಂಬದ ಉದ್ದಕ್ಕೂ ದಪ್ಪಕ್ಕೂ ಇರುವ ಅನುಪಾತದ ಲೆಕ್ಕ. ನಿಮ್ಮ ಕಂಬದ ತಲೆ ಸಡಿಲ, ಹಾಗಾಗಿ ಲೆಕ್ಕ 310 ಮುಟ್ಟುತ್ತದೆ. ತಲೆ ಅಲ್ಲಾಡದಂತೆ ಬ್ರೇಸಿಂಗ್ ಹಿಡಿದರೆ ಅದೇ ಪೈಪು 156ಕ್ಕೆ ಇಳಿಯುತ್ತದೆ! ದಪ್ಪ ಪೈಪಿಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ. ಉದ್ದದ ಎರಡೂ ಬದಿಯಲ್ಲಿ ಒಂದೊಂದು ಅಂಕಣಕ್ಕೆ (ಎರಡು ಕಂಬದ ನಡುವಿನ ಜಾಗ) ಆಂಗಲ್‌ನ ಕತ್ತರಿ (X ಆಕಾರದ) ಬ್ರೇಸು ಹಾಕಿ, ಹಿಂದಿನ ಬದಿಗೆ ಒಂದು, ಚಾವಣಿಯ ಕೆಳಗೂ ಒಂದು. ಬಾಗಿಲ ಬದಿಗೆ ಕತ್ತರಿ ಕೂರುವುದಿಲ್ಲ, ಅಲ್ಲಿ ಮೂಲೆಗಳಿಗೆ ಓರೆ ಆಂಗಲ್ ಕೊಡಿ. ಕಿಟಕಿ ಇನ್ನೊಂದು ಅಂಕಣಕ್ಕೆ ಬರಲಿ. ವೆಲ್ಡರ್‌ಗೆ ಚುಕ್ಕಿ ವೆಲ್ಡಿಂಗ್ ಬೇಡ, ಸುತ್ತ ಪೂರ್ತಿ ಬೇಕು ಅಂತ ಹೇಳಿ ಮುಂದೆ ನಿಂತು ಮಾಡಿಸಿ.

ಪ್ರಶ್ನೆ (ಅಣ್ಣಿಗೇರಿ):
ಹಾಗಾದರೆ ಗೋಡೆ ಹೆಂಗ ಕಟ್ಟಬೇಕು ಸರ್?

ಉತ್ತರ:
ಗೋಡೆಯ ಭಾರ ಹಳೆಯ ನೆಲದ ಮೇಲೆ ಬೇಡ. ಕಂಬದ ಬುನಾದಿಯಿಂದ ಬುನಾದಿಗೆ ಪ್ಲಿಂತ್ ಬೀಮ್ (ಗೋಡೆಯ ಬುಡದ ಕಾಂಕ್ರೀಟ್ ತೊಲೆ) ಹಾಕಿ, ಬೀಮಿನ ಕೆಳಗೆ 3 ಇಂಚು ಖಾಲಿ ಬಿಡಿ. ಮಣ್ಣು ಉಬ್ಬಿದಾಗ ಬೀಮನ್ನು ಎತ್ತಬಾರದು. ಈ ಖಾಲಿ ಜಾಗವನ್ನು ಯಾರೋ ಒಬ್ಬರು ಮಣ್ಣು ತುಂಬಿ ಮುಚ್ಚಿಯೇ ಬಿಡುತ್ತಾರೆ, ದಯವಿಟ್ಟು ಹಾಗೆ ಮುಚ್ಚಲು ಬಿಡಬೇಡಿ. ಮೇಲೆ ಎಎಸಿ ಬ್ಲಾಕ್ (ಹಗುರ ಕಾಂಕ್ರೀಟ್ ಇಟ್ಟಂಗಿ) ಕಟ್ಟಿ, ಇಟ್ಟಂಗಿಯ ಮೂರನೇ ಒಂದು ಭಾಗದಷ್ಟೇ ತೂಕ. ಪೈಪನ್ನು ಸಿಮೆಂಟಿನೊಳಗೆ ಹೂಳಬೇಡಿ. ಅರ್ಧ ಇಂಚು ಸಂದು ಬಿಟ್ಟು ಫೋಮ್ ತುಂಬಿ, ಎರಡು ಮೂರು ವರಸೆಗೆ ಒಂದರಂತೆ ಪಟ್ಟಿಯಿಂದ ಗೋಡೆಯನ್ನು ಕಂಬಕ್ಕೆ ಹಿಡಿಸಿ. ಹೊರಗೆ ಸುತ್ತ 3 ಅಡಿ ಫರ್ಸಿ (ಕಲ್ಲುಹಾಸು), ಇಳಿಜಾರು ಹೊರಕ್ಕೆ. ಚಾವಣಿ ನೀರು ಬುಡಕ್ಕೆ ಬೀಳಬಾರದು, ಬಚ್ಚಲ ನೀರೂ ಅಷ್ಟೇ.

ಪ್ರಶ್ನೆ (ಧಾರವಾಡ, ಕೆಲಗೇರಿ ಕಡೆ):
ನಮ್ಮದು ಕೆಂಪು ಮಣ್ಣು. ಇಷ್ಟೆಲ್ಲ ಬೇಕಾ?

ಉತ್ತರ:
ಗಟ್ಟಿ ಕೆಂಪು ಮಣ್ಣಾದರೆ ಅಷ್ಟು ಆಳ ಬೇಡ, ಬೀಮಿನ ಕೆಳಗಿನ ಸಂದೂ ಬೇಡ. ಕಾಂಕ್ರೀಟಿನ ತೂಕ ಮತ್ತು ಬ್ರೇಸಿಂಗ್ ಬಿಡುವ ಹಾಗಿಲ್ಲ. ಗಾಳಿ ಮಣ್ಣು ನೋಡಿ ಬೀಸುವುದಿಲ್ಲ ಅಲ್ವಾ.

ಪ್ರಶ್ನೆ (ಗದಗ):
ಬೇಸಿಗೆಯಲ್ಲಿ ಪತ್ರಾಸಿನ ಕೆಳಗೆ ಮಲಗುವುದು ಹೇಗೆ ಸರ್?

ಉತ್ತರ:
ಮೇಲೆ ಬಿಳಿ ಕೂಲ್ ಪೇಂಟ್, ಕೆಳಗೆ ಫಾಲ್ಸ್ ಸೀಲಿಂಗ್. ನಡುವಿನ ಜಾಗದಿಂದ ಬಿಸಿ ಗಾಳಿ ಹೊರಹೋಗಲು ಎರಡೂ ತುದಿಗೆ ಜಾಳಿಗೆ ಇಡಿ, ಅದಿಲ್ಲದೆ ಸೀಲಿಂಗ್ ಸುಮ್ನೆ ಖರ್ಚು. ಇನ್ನೊಂದು, ಕಬ್ಬಿಣದ ಚೌಕಟ್ಟಿನೊಳಗೆ ಜನ ಮಲಗುತ್ತಾರೆ. ಚೌಕಟ್ಟಿಗೆ ಅರ್ಥಿಂಗ್ ಮಾಡಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ವೈರು ಪೈಪಿಗೆ ಉಜ್ಜಿ ಸುಲಿದರೆ ಇಡೀ ಖೋಲಿಗೆ ಕರೆಂಟು ಬರುತ್ತದೆ.

ಅಣ್ಣಿಗೇರಿಯವರೇ, ಮೊದಲು ಒಂದೇ ಗುಂಡಿ ತೋಡಿಸಿ ಗರಸು ಎಷ್ಟು ಅಡಿಗೆ ಸಿಕ್ಕಿತು ಅಂತ ಇಲ್ಲಿ ಹಾಕಿ. ಆಮೇಲೆ ಬೀಮಿನ ಅಳತೆ, ಸರಳಿನ ಲೆಕ್ಕ ಕೊಡುತ್ತೇನೆ. ಆರರಲ್ಲಿ ನಾಲ್ಕು ಕಂಬದ ಬುಡ ತುಕ್ಕು ತಿಂದಿದ್ದರೆ ಮಾತ್ರ ರಿಪೇರಿ ಬೇಡ, ಪತ್ರಾಸು ಇಳಿಸಿಟ್ಟು ಹೊಸ ಚೌಕಟ್ಟು ಮಾಡಿಸಿ.