ಮೆಥಡಾಲಜಿ (ಸಂಶೋಧನೆಯ ವಿಧಾನ) ಮೊದಲಾ, ಡೇಟಾ ಮೊದಲಾ? ಅನುಭವ ಇದ್ದವರು ಹೇಳಿ

ಹೊಸಬ: ಸ್ನಾತಕೋತ್ತರ ಪ್ರಬಂಧ ಶುರು ಮಾಡಬೇಕು. ನನಗೆ ಸಂದರ್ಶನ ಮಾಡುವ ಆಸೆ. ಗೈಡ್ ಮಾತ್ರ "ಮೊದಲು ಡೇಟಾ ತನ್ನಿ, ಮೆಥಡಾಲಜಿ ಅಧ್ಯಾಯ ಆಮೇಲೆ ಬರೆದರಾಯ್ತು" ಅನ್ನುತ್ತಾರೆ. ಹೀಗೆ ಮಾಡಿದವರು ಇದ್ದೀರಾ?

ಅಂಕಿಪುಟ: ಇದ್ದೇನೆ. ನಮ್ಮ ಗೈಡ್ ಪೈಲಟ್ (ಮೊದಲು ಕೆಲವರಿಗೆ ಕೊಟ್ಟು ಪ್ರಶ್ನಾವಳಿ ಪರೀಕ್ಷಿಸುವುದು) ಬೇಡ, ಸುಮ್ನೆ ಟೈಮ್ ವೇಸ್ಟ್ ಅಂದರು. ನನ್ನ ಪ್ರಶ್ನಾವಳಿಗೆ ತಾವೇ ಒಂದಷ್ಟು ಪ್ರಶ್ನೆ ತುರುಕಿದರು, "ಪಾಠ ಮತ್ತು ಪರೀಕ್ಷೆ ತೃಪ್ತಿಕರವೇ" ಅನ್ನುವ ಥರದ್ದು. ಪಾಠ ಇಷ್ಟ, ಪರೀಕ್ಷೆ ಇಷ್ಟವಿಲ್ಲ ಅನ್ನುವವರು ಎಲ್ಲಿ ಟಿಕ್ ಹಾಕಬೇಕು? ಎಲ್ಲಾ ತುಂಬಿಸಿಕೊಂಡು ಬಂದು, ಎಸ್‌ಪಿಎಸ್‌ಎಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ಗೆ ಒಂದೊಂದೇ ಸಾಲು ಹಾಕಿ, ಕಣ್ಣು ಕೆಂಪಾದ ಮೇಲೆ ನೋಡಿದರೆ ಕ್ರೊನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) 0.5ರ ಹತ್ತಿರ. 0.7 ದಾಟದಿದ್ದರೆ ಯಾರು ಒಪ್ಪುತ್ತಾರೆ? ಆ ಪ್ರಶ್ನೆಗಳನ್ನು ತೆಗೆದರೆ ಅಧ್ಯಾಯವೇ ಉಳಿಯಲ್ಲ. ವೈವಾದಲ್ಲಿ ಬೈಸಿಕೊಂಡಿದ್ದು ನಾನು, ಅವರು ಫೋನ್ ನೋಡುತ್ತಾ ಕೂತಿದ್ದರು.

ದನಿಪೆಟ್ಟಿಗೆ: 0.7, 0.7 ಅಂತ ಜಪ ಮಾಡಬೇಡಿ. ಒಂದೇ ಥರದ ಪ್ರಶ್ನೆ ಇನ್ನಷ್ಟು ಸೇರಿಸಿದರೆ ಆಲ್ಫಾ ತಾನೇ ಏರುತ್ತದೆ. ನಾನು ಸಂದರ್ಶನ ಮಾಡಿದೆ, ಹೆಮ್ಮೆಯೂ ಇದೆ. ಒಂದು ಗಂಟೆಯ ಮಾತು ಬರಹಕ್ಕೆ ಇಳಿಸಲು ನಾಲ್ಕೈದು ಗಂಟೆ ಬೇಕು, ಇಬ್ಬರು ಒಟ್ಟಿಗೆ ಮಾತಾಡಿದ್ದರೆ ಇನ್ನೂ ಜಾಸ್ತಿ. ಕೋಡಿಂಗ್ (ಮಾತುಗಳನ್ನು ವಿಷಯವಾರು ಗುರುತು ಹಾಕುವುದು) ಮುಗಿಯುವ ಹೊತ್ತಿಗೆ ಗೈಡ್ ಬದಲಾದರು. ಹೊಸ ಗೈಡ್ ಅವರ ಮೊದಲ ಮಾತೇ "384 ಜನ ಎಲ್ಲಿ?"

ಕೆಂಪುಶಾಯಿ: 384 ಅನ್ನೋದು ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ, ಸ್ಯಾಂಪಲ್‌ನಲ್ಲಿ ಎಷ್ಟು ಜನ ಬೇಕು ಅನ್ನುವ ಕೋಷ್ಟಕದ್ದು. ಯಾದೃಚ್ಛಿಕವಾಗಿ ಆರಿಸಿದ ಸ್ಯಾಂಪಲ್‌ಗೆ, ಅದೂ ದೊಡ್ಡ ಜನಸಂಖ್ಯೆಗೆ. ಸಂದರ್ಶನಕ್ಕೂ ಅದಕ್ಕೂ ಸಂಬಂಧವಿಲ್ಲ. ಗೆಳೆಯರ ಗುಂಪಿಗೆ ಲಿಂಕ್ ಕಳಿಸಿ ತುಂಬಿಸಿದ್ದಕ್ಕೂ ಇಲ್ಲ, ಅಂಕಿಪುಟ ಅವರೇ. ನಾನೂ ಗೈಡ್. ವರ್ಷವಿಡೀ ಕಾಣದವರು ಕೊನೇ ವಾರ ಡ್ರಾಫ್ಟ್ ಹಿಡಿದುಕೊಂಡು ಸಹಿಗೆ ಬರುತ್ತಾರೆ, ಅದನ್ನೂ ಬರೆಯಿರಿ.

ಅಂಕಿಪುಟ: ನಾನು ಲಿಂಕ್ ಕಳಿಸಿದೆ ಅಂತ ನಿಮಗೆ ಯಾರು ಹೇಳಿದರು ಸಾರ್? ಮನೆಮನೆಗೆ ಕಾಗದ ಹೊತ್ತಿದ್ದೇನೆ.

ದನಿಪೆಟ್ಟಿಗೆ: ಮೇಲ್‌ಗೆ ಉತ್ತರ ಕೊಡದ ಗೈಡ್‌ಗಳದ್ದೂ ಬರೆಯಿರಿ ಮತ್ತೆ. ಪ್ರತಿ ಭೇಟಿಯ ಸಂಜೆ "ಇವತ್ತು ನೀವು ಹೀಗೆ ಹೇಳಿದಿರಿ" ಅಂತ ಮೇಲ್ ಹಾಕುತ್ತಿದ್ದೆ. "ನಾನು ಹಾಗೆ ಹೇಳೇ ಇಲ್ಲ" ಅಂದಾಗ ಅದೇ ಕೈಹಿಡಿಯಿತು.

ಕೆಂಪುಶಾಯಿ: ಗೈಡ್ ಮೇಲೆ ಸಾಕ್ಷಿ ಕಲೆಹಾಕುವವರ ಜೊತೆ ಯಾರು ಮನಸ್ಸು ಬಿಚ್ಚಿ ಮಾತಾಡುತ್ತಾರೆ?

ದನಿಪೆಟ್ಟಿಗೆ: ಹೇಳಿದ ಮಾತಿಗೆ ನಿಲ್ಲುವವರಿಗೆ ಭಯ ಯಾಕೆ?

ಸಾಲುಮರ: ಜಗಳ ಆಮೇಲೆ ಆಡಿ. ಹೊಸಬ, ಎಥಿಕ್ಸ್ ಅನುಮತಿ (ಜನರಿಂದ ಮಾಹಿತಿ ಪಡೆಯಲು ನೈತಿಕ ಸಮಿತಿಯ ಒಪ್ಪಿಗೆ) ಡೇಟಾ ತರುವ ಮೊದಲೇ ಬೇಕು. ಆ ಅರ್ಜಿಯಲ್ಲೇ ಯಾರನ್ನು, ಹೇಗೆ, ಏನು ಕೇಳುತ್ತೀರಿ ಅಂತ ಬರೆಯಬೇಕು, ಅಂದರೆ ಅರ್ಧ ಮೆಥಡಾಲಜಿ ಅಲ್ಲೇ ಆಗುತ್ತದೆ. ನನ್ನದು ಅನುಮತಿಗಿಂತ ಮುಂಚಿನ ಸಂದರ್ಶನ ಅಂತ ಅಷ್ಟೂ ಕಸದಬುಟ್ಟಿಗೆ ಹೋಯಿತು. ಗೈಡ್‌ಗೆ ನಿಯಮವೇ ಗೊತ್ತಿರಲಿಲ್ಲ.

ಹೊಸಬ: ಆ ಅರ್ಜಿಗೆ ಗೈಡ್ ಸಹಿ ಬೇಕಾ?

ಅಂಕಿಪುಟ: ಕೆಂಪುಶಾಯಿ ಅವರೇ, ಲಿಂಕ್ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.